ಹಳೆಯ ಮಹೀಂದ್ರ ಸಿಜೆ-3ಬಿ ಜೀಪಿನ ಹರಿಕೇನ್ ಎಂಜಿನ್: ಸೀಲ್ ಮತ್ತು ಗ್ಯಾಸ್ಕೆಟ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಸೀಮೆಯ ಕಾಫಿ ತೋಟಗಳಲ್ಲಿ ಎತ್ತರದ ಬಾನೆಟ್ಟಿನ ಹಳೆಯ ಜೀಪುಗಳು ಇಂದಿಗೂ ಉಳಿದುಕೊಂಡಿವೆ. ವಿಲ್ಲಿಸ್ ಕಂಪನಿ ಅಮೆರಿಕದಲ್ಲಿ 1953ರಲ್ಲಿ ಹೊರತಂದ ಸಿಜೆ-3ಬಿ ಮಾದರಿಯನ್ನು ಮಹೀಂದ್ರ ಕಂಪನಿ ಪರವಾನಗಿ ಪಡೆದು ಭಾರತದಲ್ಲಿ ದಶಕಗಳ ಕಾಲ ತಯಾರಿಸಿತು. ಬಾನೆಟ್ಟು ಅಷ್ಟು ಎತ್ತರಕ್ಕೇರಿದ್ದಕ್ಕೆ ಕಾರಣ ಅದರಡಿಯಲ್ಲಿರುವ ಹರಿಕೇನ್ ಪೆಟ್ರೋಲ್ ಎಂಜಿನ್. ಸುಮಾರು 2,200 ಸಿಸಿಯ, ನಾಲ್ಕು ಸಿಲಿಂಡರಿನ ಈ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳು ಮೇಲೆ ಹೆಡ್ಡಿನಲ್ಲೂ ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲೂ ಇವೆ. ಎಫ್-ಹೆಡ್ ಎಂದು ಕರೆಯಲಾಗುವ ಈ ವಿನ್ಯಾಸದಿಂದಾಗಿ ಗ್ಯಾಸ್ಕೆಟ್ ಕೆಲಸದ ಕ್ರಮವೂ ಸಾಮಾನ್ಯ ಎಂಜಿನ್ನುಗಳಿಗಿಂತ ಸ್ವಲ್ಪ ಬೇರೆಯಾಗುತ್ತದೆ.

ಇಂಥ ಜೀಪುಗಳಲ್ಲಿ ಎಷ್ಟೋ ವಾಹನಗಳಿಗೆ ನಂತರದ ವರ್ಷಗಳಲ್ಲಿ ಡೀಸೆಲ್ ಎಂಜಿನ್ ಕೂರಿಸಲಾಗಿದೆ. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ನಿಮ್ಮ ಜೀಪಿನಲ್ಲಿರುವುದು ಹರಿಕೇನ್ ಎಂಜಿನ್ನೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹೆಡ್ಡಿನ ಮೇಲೆ ವಾಲ್ವು ಒತ್ತುವ ರಾಕರುಗಳನ್ನು ಮುಚ್ಚುವ ಉದ್ದನೆಯ ರಾಕರ್ ಕವರ್ ಇದ್ದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿಗೆ ಅಂಟದೆ ನೇರವಾಗಿ ಬ್ಲಾಕಿನ ಪಕ್ಕಕ್ಕೆ ಕೂತಿದ್ದರೆ ಅದು ಎಫ್-ಹೆಡ್. ಎಂಜಿನ್ ಸಂಖ್ಯೆಯನ್ನು ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪ್ ಕೂರುವ ಉಬ್ಬಿನ ಮೇಲೆ ಕೊರೆದಿರುತ್ತಾರೆ. ಗ್ಯಾಸ್ಕೆಟ್ ಸೆಟ್ ಕೇಳುವಾಗ ಈ ಸಂಖ್ಯೆಯ ಚಿತ್ರ ಕೈಯಲ್ಲಿದ್ದರೆ ಗೊಂದಲ ತಪ್ಪುತ್ತದೆ.

ಸೋರಿಕೆ ಎಲ್ಲಿಂದ, ಏಕೆ

ಹಳೆಯ ಜೀಪು ಎಣ್ಣೆ ಸೋರುವುದು ಸಹಜ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಎಂಜಿನ್ನಿನ ಪ್ರತಿಯೊಂದು ಸೋರಿಕೆಗೂ ಪತ್ತೆ ಹಚ್ಚಬಹುದಾದ ಕಾರಣವಿರುತ್ತದೆ, ಮತ್ತು ಆ ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಸೀಲ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ಜಾಗದಿಂದ ಎಣ್ಣೆ ಮತ್ತೆ ಇಳಿಯುತ್ತದೆ. ಹಾಗಾಗಿ ಪಾನಾ ಹಿಡಿಯುವ ಮೊದಲು ಪರೀಕ್ಷೆಗೆಂದೇ ಒಂದು ದಿನವನ್ನು ಮೀಸಲಿಡಿ.

ಮೊದಲು ಎಂಜಿನ್ನಿನ ಹೊರಮೈಯನ್ನು ಸೀಮೆಎಣ್ಣೆ ಅಥವಾ ಡಿಗ್ರೀಸರ್‌ನಿಂದ ತೊಳೆದು ಪೂರ್ತಿ ಒಣಗಲು ಬಿಡಿ. ಆಮೇಲೆ ಸಂದೇಹವಿರುವ ಅಂಚುಗಳಿಗೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಚಾಲೂ ಮಾಡಿ, ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಎಣ್ಣೆ ಮೊದಲು ಕಾಣಿಸುವ ಜಾಗದಲ್ಲಿ ಪೌಡರ್ ಕಪ್ಪಾಗುತ್ತದೆ. ಎಣ್ಣೆ ಕೆಳಗೆ ಹರಿಯುವುದಲ್ಲದೆ ಫ್ಯಾನಿನ ಗಾಳಿಗೆ ಹಿಂದಕ್ಕೂ ಹರಡುವುದರಿಂದ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ ಮತ್ತು ಎಲ್ಲಕ್ಕಿಂತ ಮುಂದಿನ ಜಾಗವೇ ಮೂಲ ಎಂದು ತಿಳಿಯಿರಿ. ರಾಕರ್ ಕವರಿನ ಹಿಂಬದಿಯ ಮೂಲೆಯಿಂದ ಇಳಿದ ಎಣ್ಣೆ, ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗ್ ಮೇಲೆ ಹರಿದು ತಳದಲ್ಲಿ ತೊಟ್ಟಿಕ್ಕಿದಾಗ, ಅದನ್ನು ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿರುವ ರಿಯರ್ ಮೇನ್ ಸೀಲಿನ ತಪ್ಪೆಂದು ತೀರ್ಮಾನಿಸಿ ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ.

ಬೆಲ್ ಹೌಸಿಂಗಿನ ತಳದ ತೂತಿನಿಂದ ಬರುವ ಎಣ್ಣೆಯನ್ನು ಬೆರಳಿನಲ್ಲಿ ಹಿಡಿದು ಮೂಸಿ ನೋಡಿ. ಗಂಧಕದಂಥ ಘಾಟು ವಾಸನೆಯ ದಪ್ಪ ಎಣ್ಣೆಯಾದರೆ ಅದು ಗೇರ್‌ಬಾಕ್ಸಿನದು, ಮುಂದಿನ ಬೇರಿಂಗ್ ರಿಟೇನರ್ ಕಡೆಯಿಂದ ಬರುತ್ತಿದೆ. ಕಪ್ಪಾದ ತೆಳು ಎಣ್ಣೆಯಾದರೆ ಎಂಜಿನ್ನಿನದು. ಆದರೆ ಎಂಜಿನ್ ಎಣ್ಣೆ ಎಂದಾಕ್ಷಣ ರಿಯರ್ ಮೇನ್ ಸೀಲೇ ಹೋಗಿದೆ ಎಂದಲ್ಲ. ಕ್ಯಾಮ್‌ಶಾಫ್ಟಿನ ಹಿಂತುದಿಯ ತೂತನ್ನು ಮುಚ್ಚುವ ತಗಡಿನ ಬಿಲ್ಲೆಯಾಕಾರದ ಪ್ಲಗ್ ಸಹ ಫ್ಲೈವ್ಹೀಲಿನ ಹಿಂದೆಯೇ ಅಡಗಿರುತ್ತದೆ. ಅದು ತುಕ್ಕು ಹಿಡಿದರೆ ಅಥವಾ ಸಡಿಲಗೊಂಡರೆ ಥೇಟ್ ರಿಯರ್ ಮೇನ್ ಸೀಲಿನಂತೆಯೇ ಸೋರುತ್ತದೆ. ಅದನ್ನು ನೋಡಬೇಕಾದರೆ ಗೇರ್‌ಬಾಕ್ಸ್, ಕ್ಲಚ್ ಮತ್ತು ಫ್ಲೈವ್ಹೀಲ್ ಬಿಚ್ಚಲೇಬೇಕು. ಬೇರೆ ಕಾರಣಕ್ಕೆ ಫ್ಲೈವ್ಹೀಲ್ ಬಿಚ್ಚಿದ ಸಂದರ್ಭದಲ್ಲಿ ಈ ಪ್ಲಗ್ಗನ್ನು ಕೇಳದೆಯೇ ಬದಲಿಸಿಬಿಡುವುದು ಜಾಣತನ.

ಮುಂದಿನ ಪರೀಕ್ಷೆ ಕ್ರ್ಯಾಂಕ್‌ಕೇಸ್ ಉಸಿರಾಟದ್ದು. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿದ ಅನಿಲ ಹೊರಹೋಗಲು ಈ ಎಂಜಿನ್ನಿನಲ್ಲಿ ವಾತಾಯನದ ಕೊಳವೆ ಮತ್ತು ಇನ್‌ಟೇಕ್ ಕಡೆಗೆ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಅದು ಇಂಗಾಲ ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಬೆಳೆದು, ಎಷ್ಟೇ ಒಳ್ಳೆಯ ಸೀಲ್ ಇದ್ದರೂ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ತೆಳು ಕಾಗದ ಹಿಡಿಯಿರಿ. ಕಾಗದ ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಉಸಿರಾಟ ಸರಿಯಿದೆ, ಹೊರಕ್ಕೆ ಹಾರಿದರೆ ವಾಲ್ವ್ ಮತ್ತು ಕೊಳವೆಗಳನ್ನು ಬಿಚ್ಚಿ ತೊಳೆದು ಮತ್ತೆ ಪರೀಕ್ಷಿಸಿ. ಎಷ್ಟೋ ಜೀಪುಗಳಲ್ಲಿ ಇಷ್ಟರಿಂದಲೇ ಅರ್ಧ ಸೋರಿಕೆ ನಿಲ್ಲುತ್ತದೆ. ತೊಳೆದ ಮೇಲೂ ಒತ್ತಡ ಉಳಿದರೆ ರಿಂಗುಗಳು ಸವೆದಿವೆ ಎಂದರ್ಥ, ಆಗ ಗ್ಯಾಸ್ಕೆಟ್ಟಿಗಿಂತ ದೊಡ್ಡ ಕೆಲಸವೇ ನಿಮ್ಮ ಮುಂದಿದೆ.

ಕೊನೆಯದಾಗಿ ಕಂಪ್ರೆಷನ್ ಅಳೆಯಿರಿ. ಆರೋಗ್ಯವಂತ ಹರಿಕೇನ್ ಎಂಜಿನ್ ಪ್ರತಿ ಸಿಲಿಂಡರಿನಲ್ಲಿ 120ರಿಂದ 130 ಪಿಎಸ್‌ಐ ತೋರಿಸುತ್ತದೆ, ಸಿಲಿಂಡರುಗಳ ನಡುವಿನ ವ್ಯತ್ಯಾಸ 10 ಪಿಎಸ್‌ಐ ಮೀರಬಾರದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಎಣ್ಣೆಯ ಗೇಜ್ ಕಡ್ಡಿಗೆ ಮಜ್ಜಿಗೆಯ ಬಣ್ಣದ ನೊರೆ ಅಂಟುವುದು, ಹೊರಗೆ ಎಲ್ಲೂ ಸೋರಿಕೆಯಿಲ್ಲದೆ ನೀರು ಕಡಿಮೆಯಾಗುವುದು ಇವೂ ಅದೇ ದೋಷದ ಕಡೆಗೆ ಬೆರಳು ತೋರಿಸುತ್ತವೆ.

ಸಾಮಾನು, ಸಲಕರಣೆ, ಎಚ್ಚರ

ಈ ಎಂಜಿನ್ನಿನ ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಮಿಲಿಮೀಟರ್ ಪಾನಾಗಳಲ್ಲಿ ಹತ್ತಿರದ್ದನ್ನು ಹೊಂದಿಸಿ ತಿರುಗಿಸಿದರೆ ದಶಕಗಳಷ್ಟು ಹಳೆಯ ಬೋಲ್ಟುಗಳ ಮೂಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಇಂಚಿನ ಸಾಕೆಟ್ ಸೆಟ್ ಕಡ್ಡಾಯ. ಅದರ ಜೊತೆಗೆ ಟಾರ್ಕ್ ರೆಂಚ್, ಫೀಲರ್ ಗೇಜ್, ನೇರಪಟ್ಟಿ, ಹಿತ್ತಾಳೆ ಅಥವಾ ಮರದ ಸ್ಕ್ರೇಪರ್, ಪುಲ್ಲಿ ಎಳೆಯುವ ಪುಲ್ಲರ್ ಮತ್ತು ಗಟ್ಟಿಯಾದ ಜ್ಯಾಕ್ ಸ್ಟ್ಯಾಂಡುಗಳು ಬೇಕು. ಗ್ಯಾಸ್ಕೆಟ್ ಸೆಟ್ಟುಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ವಿಚಾರಿಸಿದರೆ ದೊರೆಯುವ ಸಾಧ್ಯತೆಯಿದೆ, ಆದರೆ ಪೊಟ್ಟಣದ ಮೇಲಿನ ಹೆಸರನ್ನು ನಂಬಿ ಸುಮ್ಮನಾಗದೆ ಹಳೆಯ ಗ್ಯಾಸ್ಕೆಟ್ಟಿನ ಮೇಲೆ ಹೊಸದನ್ನಿಟ್ಟು ನೀರಿನ ತೂತು, ಬೋಲ್ಟಿನ ತೂತು ಎಲ್ಲ ಹೊಂದುತ್ತವೆಯೇ ಎಂದು ನೋಡಿ. ಎಲ್ಲ ವಾಲ್ವುಗಳೂ ಬ್ಲಾಕಿನಲ್ಲೇ ಇರುವ ಫ್ಲಾಟ್-ಹೆಡ್ ಎಂಜಿನ್ನಿನ ಸೆಟ್ಟು ಇದಕ್ಕೆ ಬರುವುದಿಲ್ಲ.

ವರ್ಷಗಟ್ಟಲೆ ಅಂಗಡಿಯ ಅಟ್ಟದಲ್ಲಿ ಒಣಗಿದ ಕಾರ್ಕ್ ಗ್ಯಾಸ್ಕೆಟ್ ಕುಗ್ಗಿರುತ್ತದೆ. ಅದನ್ನು ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮೊದಲಿನ ಅಳತೆಗೆ ಮರಳುತ್ತದೆ. ಮಡಿಚಿದಾಗ ಬಿರುಕು ಬಿಡುವ ಕಾರ್ಕನ್ನು ಮಾತ್ರ ಎಸೆದುಬಿಡಿ.

ಆರೋಗ್ಯದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕಾಲದ ಹೆಡ್ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮತ್ತು ಹಗ್ಗದಂಥ ಸೀಲುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ದಶಕಗಳ ನಂತರವೂ ಮಾರಕ ಕಾಯಿಲೆ ತರಬಲ್ಲದು. ಹಳೆಯ ಗ್ಯಾಸ್ಕೆಟ್ಟನ್ನು ನೀರಿನಿಂದ ಒದ್ದೆ ಮಾಡಿಯೇ ಕೆರೆಯಿರಿ, ಒಣಗಿದ್ದಾಗ ತಂತಿಯ ಬ್ರಶ್ ಅಥವಾ ಗ್ರೈಂಡರ್ ತಾಗಿಸಬೇಡಿ, ಗಾಳಿಯ ಪೈಪಿನಿಂದ ಊದಬೇಡಿ. ಒಳ್ಳೆಯ ಧೂಳುತಡೆ ಮಾಸ್ಕ್ ಧರಿಸಿ, ಕೆರೆದದ್ದನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ಹೆಡ್ ಬಿಚ್ಚುವುದು

ಬ್ಯಾಟರಿಯ ತಂತಿ ತೆಗೆದು, ತಣ್ಣಗಿರುವ ಎಂಜಿನ್ನಿನಿಂದ ನೀರು ಹೊರಬಿಡಿ. ಮೇಲಿನ ರೇಡಿಯೇಟರ್ ಹೋಸ್, ಉಷ್ಣಮಾಪಕದ ಸಂಪರ್ಕ, ಪೆಟ್ರೋಲ್ ಕೊಳವೆ, ಆಕ್ಸಿಲರೇಟರ್ ಮತ್ತು ಚೋಕ್ ಜೋಡಣೆಗಳನ್ನು ಕಳಚಿ ಒಂದೊಂದಕ್ಕೂ ಚೀಟಿ ಕಟ್ಟಿ. ರಾಕರ್ ಕವರ್ ತೆಗೆದ ಮೇಲೆ ರಾಕರ್ ಶಾಫ್ಟಿನ ನಟ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಶಾಫ್ಟನ್ನು ಇಡಿಯಾಗಿ ಮೇಲೆತ್ತಿ. ಪುಶ್ ರಾಡುಗಳನ್ನು ಹೊರತೆಗೆದು ರಟ್ಟಿನ ಹಾಳೆಯಲ್ಲಿ ತೂತು ಮಾಡಿ ಸಿಲಿಂಡರಿನ ಕ್ರಮದಲ್ಲೇ ಚುಚ್ಚಿಡಿ. ಪ್ರತಿಯೊಂದೂ ತನ್ನ ಜೋಡಿಯೊಂದಿಗೆ ಸವೆದು ಹೊಂದಿಕೊಂಡಿರುವುದರಿಂದ ಅದಲುಬದಲಾಗಬಾರದು.

ಇನ್ನು ಈ ಎಂಜಿನ್ನಿನ ಗುಟ್ಟು. ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಭಾಗವಲ್ಲ, ಹೆಡ್ಡಿನೊಂದಿಗೇ ಎರಕ ಹೊಯ್ದಿರುತ್ತಾರೆ. ಹೆಡ್ ಬೋಲ್ಟುಗಳಲ್ಲಿ ಒಂದು ಆ ಮ್ಯಾನಿಫೋಲ್ಡಿನ ಒಳಗೆ, ಸರಿಯಾಗಿ ಕಾರ್ಬ್ಯುರೇಟರಿನ ಕೆಳಗೆ ಅಡಗಿದೆ. ಕಾರ್ಬ್ಯುರೇಟರ್ ಕಳಚಿ ಅದರ ಬಾಯಿಯೊಳಗೆ ದೀಪ ಹಿಡಿದು ನೋಡಿದರೆ ಮಾತ್ರ ಅದು ಕಾಣುತ್ತದೆ. ಇದನ್ನು ಅರಿಯದವರು ಹೊರಗಿನ ಬೋಲ್ಟುಗಳನ್ನೆಲ್ಲ ಬಿಚ್ಚಿ, ಹೆಡ್ ಏಳದಿದ್ದಾಗ ಉಳಿ, ಸುತ್ತಿಗೆ ತರುತ್ತಾರೆ. ಎರಕದ ಮೈ ಸೀಳುವುದು ಅಲ್ಲೇ. ಹೆಡ್ ಜಗ್ಗುತ್ತಿಲ್ಲ ಎನಿಸಿದರೆ ಬಲ ಹಾಕುವ ಮೊದಲು ಈ ಬೋಲ್ಟ್ ತೆಗೆದಿದ್ದೀರಾ ಎಂದು ನೋಡಿಕೊಳ್ಳಿ.

ಬೋಲ್ಟುಗಳನ್ನು ಹೊರಅಂಚಿನಿಂದ ನಡುವಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಿ. ಎಲ್ಲ ಬೋಲ್ಟ್ ಹೊರಬಂದ ಮೇಲೂ ಹೆಡ್ ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಪಕ್ಕಕ್ಕೆ ಮೃದುವಾಗಿ ಬಡಿಯಿರಿ, ಆದರೆ ಹೆಡ್ ಮತ್ತು ಬ್ಲಾಕಿನ ನಡುವೆ ಸ್ಕ್ರೂಡ್ರೈವರ್ ತುರುಕಬೇಡಿ. ಈ ಹೆಡ್ ಬೀಡುಕಬ್ಬಿಣದ್ದು, ಭಾರವಿದೆ. ಇಬ್ಬರು ಸೇರಿ ನೇರವಾಗಿ ಮೇಲಕ್ಕೆತ್ತಿ ಮರದ ಹಲಗೆಯ ಮೇಲಿಡಿ. ಸಿಲಿಂಡರುಗಳು, ನೀರಿನ ದಾರಿಗಳು, ಪುಶ್ ರಾಡಿನ ತೂತುಗಳು ಎಲ್ಲದಕ್ಕೂ ಕೂಡಲೇ ಶುಭ್ರ ಬಟ್ಟೆ ತುಂಬಿ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟ್ಯಾಪೆಟ್ ಕವರ್

ಮ್ಯಾನಿಫೋಲ್ಡಿನ ನಟ್ಟುಗಳು ಬಿಸಿ ತಿಂದು ಸ್ಟಡ್ಡುಗಳಿಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ನಟ್ಟನ್ನು ಮೊದಲು ಕೊಂಚ ಬಿಗಿಯುವ ದಿಕ್ಕಿಗೆ, ಆಮೇಲೆ ಸಡಿಲಿಸುವ ದಿಕ್ಕಿಗೆ ಅಲುಗಿಸುತ್ತ ಹೊರತನ್ನಿ. ಸುತ್ತಲೂ ಪೆಟ್ರೋಲ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಜ್ವಾಲೆಯಿಂದ ನಟ್ಟನ್ನು ಬಿಸಿ ಮಾಡಬಹುದು.

ಮ್ಯಾನಿಫೋಲ್ಡ್ ಬಿಚ್ಚಿದಾಗಲೇ ಅದರ ಹಿಂದಿನ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟನ್ನೂ ಬದಲಿಸಿ, ಏಕೆಂದರೆ ಮತ್ತೆ ಆ ಜಾಗಕ್ಕೆ ಕೈ ಹೋಗುವುದು ಕಷ್ಟ. ಬಿಸಿ ಮ್ಯಾನಿಫೋಲ್ಡಿನ ಮಗ್ಗುಲಲ್ಲೇ ಇರುವುದರಿಂದ ಇಲ್ಲಿಯ ಕಾರ್ಕ್ ಬೇಗ ಸುಟ್ಟು ಗಡುಸಾಗುತ್ತದೆ. ಕವರಿನ ತಗಡು ಬೋಲ್ಟಿನ ಸುತ್ತ ಒಳಕ್ಕೆ ಬಾಗಿದ್ದರೆ ಸಮತಟ್ಟಾದ ಮರದ ಮೇಲಿಟ್ಟು ತಟ್ಟಿ ನೇರ ಮಾಡಿ. ಕವರ್ ತೆರೆದಿರುವ ಹೊತ್ತಿನಲ್ಲಿ ಒಳಗಿನ ಎಣ್ಣೆ ಇಳಿಯುವ ತೂತುಗಳಿಗೆ ಬಟ್ಟೆ ತುರುಕಿರಿ, ಇಲ್ಲಿ ಬಿದ್ದ ಸಣ್ಣ ತುಣುಕು ನೇರವಾಗಿ ಸಂಪ್ ಎಂಬ ತಳದ ಎಣ್ಣೆ ತೊಟ್ಟಿಗೆ ಇಳಿಯುತ್ತದೆ. ಎಕ್ಸಾಸ್ಟ್ ವಾಲ್ವುಗಳ ಟ್ಯಾಪೆಟ್ ಸಂದನ್ನು ಹೊಂದಿಸುವುದೂ ಈ ಬಾಗಿಲಿನ ಮೂಲಕವೇ ಆದ್ದರಿಂದ, ಆ ಕೆಲಸ ಮುಗಿಯುವವರೆಗೆ ಕವರ್ ಅಂತಿಮವಾಗಿ ಮುಚ್ಚಬೇಡಿ.

ಮೈ ಸಮ ಮಾಡುವುದು, ಹೆಡ್ ಕೂರಿಸುವುದು

ಗ್ಯಾಸ್ಕೆಟ್ ಕೆಲಸದ ಯಶಸ್ಸು ಕೂರುವ ಮೈಯ ಶುಚಿತ್ವದಲ್ಲಿದೆ. ಬ್ಲಾಕ್ ಮತ್ತು ಹೆಡ್ ಎರಡನ್ನೂ ಬರಿಯ ಲೋಹ ಕಾಣುವವರೆಗೆ, ಆದರೆ ಗೀರು ಬೀಳದಂತೆ ಕೆರೆದು ಥಿನ್ನರ್ ಬಟ್ಟೆಯಿಂದ ಒರೆಸಿ. ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ ಮತ್ತು ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ತೂರಿಸಿ ನೋಡಿ. 0.10 ಮಿಲಿಮೀಟರಿನ ಎಲೆ ಎಲ್ಲಾದರೂ ಸಲೀಸಾಗಿ ನುಗ್ಗಿದರೆ ಹೆಡ್ಡನ್ನು ಲೇತ್ ವರ್ಕ್‌ಶಾಪಿಗೆ ಒಯ್ದು ಮೇಲ್ಮೈ ಹೆರೆಸುವುದು ಲೇಸು. ಬಾಗಿದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕುವುದೆಂದರೆ ದುಡ್ಡನ್ನು ಸುಡುವುದೇ ಸರಿ. ಹೆಡ್ ಮೇಜಿನ ಮೇಲಿರುವಾಗ ಇನ್‌ಟೇಕ್ ವಾಲ್ವುಗಳ ಕಾಂಡದ ಪುಟ್ಟ ರಬ್ಬರ್ ಸೀಲುಗಳನ್ನೂ ನೋಡಿ. ಬೆಳಗಿನ ಮೊದಲ ಚಾಲನೆಯಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಅವು ಕಲ್ಲಿನಷ್ಟು ಗಡುಸಾಗಿರುವ ಸಂಭವವಿದೆ.

ಬೋಲ್ಟಿನ ತೂತುಗಳಲ್ಲಿ ನಿಂತ ನೀರು, ಎಣ್ಣೆಯನ್ನು ಬಟ್ಟೆಯಿಂದ ಹೀರಿ ತೆಗೆಯಿರಿ. ತೂತಿನ ತಳದಲ್ಲಿ ದ್ರವ ಉಳಿದರೆ ಟಾರ್ಕ್ ರೆಂಚ್ ಸುಳ್ಳು ಲೆಕ್ಕ ಕೊಡುತ್ತದೆ, ಬ್ಲಾಕ್ ಬಿರಿಯಲೂಬಹುದು. ಪ್ರತಿ ತೂತಿಗೂ ಸಣ್ಣ ತಂತಿ ಇಳಿಸಿ ನೋಡಿ, ತಳ ಸಿಗದೆ ನೀರಿನ ಅಂಗಳಕ್ಕೆ ತೆರೆದುಕೊಂಡ ತೂತಿನ ಬೋಲ್ಟುಗಳ ಥ್ರೆಡ್ಡಿಗೆ ಗಟ್ಟಿಯಾಗದ ಸೀಲಂಟ್ ಹಚ್ಚಿ. ಉಳಿದ ಬೋಲ್ಟುಗಳ ಥ್ರೆಡ್ಡಿಗೆ ಒಂದು ತೊಟ್ಟು ಎಂಜಿನ್ ಎಣ್ಣೆ ಸಾಕು.

ಹೆಡ್ ಗ್ಯಾಸ್ಕೆಟ್ಟನ್ನು ಒಣದಾಗಿ ಬ್ಲಾಕಿನ ಮೇಲಿಟ್ಟು ಎಲ್ಲ ತೂತುಗಳೂ ತೆರೆದಿವೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿ. ತಯಾರಕರು ಸೀಲಂಟ್ ಹಚ್ಚಲು ಹೇಳಿದ್ದರೆ ಮಾತ್ರ ತೆಳುವಾಗಿ ಹಚ್ಚಿ. ಹೆಡ್ಡನ್ನು ನೇರವಾಗಿ ಇಳಿಸಿ, ಎಲ್ಲ ಬೋಲ್ಟುಗಳನ್ನೂ, ಮ್ಯಾನಿಫೋಲ್ಡಿನ ಒಳಗಿನದನ್ನೂ ಸೇರಿಸಿ, ಮೊದಲು ಬೆರಳಿನಿಂದ ತಿರುಗಿಸಿ. ನಂತರ ನಡುವಿನ ಬೋಲ್ಟಿನಿಂದ ಆರಂಭಿಸಿ ಸುರುಳಿಯಂತೆ ಹೊರಕ್ಕೆ ಸಾಗುತ್ತ ಮೂರು ಸುತ್ತಿನಲ್ಲಿ ಬಿಗಿಯಿರಿ: ಮೊದಲ ಸುತ್ತಿಗೆ ಸುಮಾರು 40, ಎರಡನೆಯದಕ್ಕೆ 65, ಅಂತಿಮವಾಗಿ 81ರಿಂದ 95 ನ್ಯೂಟನ್ ಮೀಟರ್, ಅಂದರೆ 60ರಿಂದ 70 ಅಡಿ-ಪೌಂಡ್. ರಾಕರ್ ಶಾಫ್ಟಿನ ನಟ್ಟುಗಳಿಗೆ 41ರಿಂದ 49, ಮ್ಯಾನಿಫೋಲ್ಡಿನ ನಟ್ಟುಗಳಿಗೆ 39ರಿಂದ 47 ನ್ಯೂಟನ್ ಮೀಟರ್ ಸಾಕು.

ಟ್ಯಾಪೆಟ್ ಹೊಂದಿಸುವುದು ತಣ್ಣಗಿರುವಾಗ. ಮೇಲಿನ ಇನ್‌ಟೇಕ್ ವಾಲ್ವುಗಳಿಗೆ 0.018 ಇಂಚು, ಅಂದರೆ 0.46 ಮಿಲಿಮೀಟರ್, ಕೆಳಗಿನ ಎಕ್ಸಾಸ್ಟ್ ವಾಲ್ವುಗಳಿಗೆ 0.016 ಇಂಚು, ಅಂದರೆ 0.41 ಮಿಲಿಮೀಟರ್. ಸ್ಟಾರ್ಟಿಂಗ್ ಹ್ಯಾಂಡಲ್ಲಿನಿಂದ ಎಂಜಿನ್ ತಿರುಗಿಸಿ ಮೊದಲ ಸಿಲಿಂಡರನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು ಅದರ ಎರಡೂ ವಾಲ್ವುಗಳನ್ನು ಹೊಂದಿಸಿ. ಅಲ್ಲಿಂದ ಪ್ರತಿ ಅರ್ಧ ಸುತ್ತಿಗೆ ಮೂರನೆಯದು, ನಾಲ್ಕನೆಯದು, ಎರಡನೆಯದು ಎಂಬ ಕ್ರಮದಲ್ಲಿ ಮುಂದುವರಿಯಿರಿ, ಏಕೆಂದರೆ ಈ ಎಂಜಿನ್ನಿನ ಫೈರಿಂಗ್ ಕ್ರಮ 1-3-4-2.

ಮುಂಭಾಗದ ಕ್ರ್ಯಾಂಕ್ ಸೀಲ್

ಮೇಲಿನ ಕೆಲಸ ಮುಗಿಸಿ ಕೆಳಗಿಳಿಯುವುದು ಸರಿಯಾದ ಕ್ರಮ, ಏಕೆಂದರೆ ಕೆರೆಯುವಾಗ ಬಿದ್ದ ಕಸವೆಲ್ಲ ಸಂಪ್ ತೊಳೆಯುವಾಗ ಹೊರಹೋಗುತ್ತದೆ. ಮುಂದಿನ ಸೀಲ್ ಕೂರುವ, ಟೈಮಿಂಗ್ ಗೇರುಗಳನ್ನು ಮುಚ್ಚುವ ಟೈಮಿಂಗ್ ಕವರಿನ ತಳಭಾಗಕ್ಕೂ ಸಂಪಿನ ಮುಂದಿನ ಬೋಲ್ಟುಗಳು ಹಿಡಿದಿರುವುದರಿಂದ, ಎಣ್ಣೆ ಬಸಿದು ಸಂಪನ್ನು ಮೊದಲು ಇಳಿಸಿ. ಜೀಪನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ, ಬರಿ ಜ್ಯಾಕಿನ ನಂಬಿಕೆಯಲ್ಲಿ ಕೆಳಗೆ ಮಲಗಬೇಡಿ.

ರೇಡಿಯೇಟರ್, ಫ್ಯಾನ್, ಬೆಲ್ಟ್ ತೆಗೆದು, ಹ್ಯಾಂಡಲ್ ಕಚ್ಚುವ ಹಲ್ಲುಗಳಿರುವ ದೊಡ್ಡ ನಟ್ಟನ್ನು ಬಿಚ್ಚಿ, ಪುಲ್ಲರ್ ಹಾಕಿ ಪುಲ್ಲಿಯನ್ನು ಎಳೆಯಿರಿ. ಈಗ ಪುಲ್ಲಿಯ ಕೊರಳನ್ನು ಬೆಳಕಿಗೆ ಹಿಡಿಯಿರಿ. ಸೀಲಿನ ತುಟಿ ಉಜ್ಜಿದ ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿದ್ದರೆ, ಹೊಸ ಸೀಲ್ ಮೊದಲ ದಿನದಿಂದಲೇ ಸೋರುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ: ತೆಳುವಾದ ಉಕ್ಕಿನ ತೋಳನ್ನು ಕೊರಳಿನ ಮೇಲೆ ಬಡಿದು ಕೂರಿಸುವುದು, ಇಲ್ಲವೇ ತುಟಿ ಸವೆಯದ ಜಾಗಕ್ಕೆ ಬರುವಂತೆ ಸೀಲನ್ನು ಒಂದೆರಡು ಮಿಲಿಮೀಟರ್ ಆಳ ವ್ಯತ್ಯಾಸದಲ್ಲಿ ಒತ್ತುವುದು. ತೋಳು ಹಾಕುವುದೇ ಬಾಳಿಕೆಯ ದಾರಿ ಎಂಬುದು ನನ್ನ ಅಭಿಪ್ರಾಯ.

ಕವರಿನಿಂದ ಹಳೆಯ ಸೀಲನ್ನು ತಟ್ಟಿ ತೆಗೆದು, ಹೊಸದನ್ನು ತುಟಿ ಎಂಜಿನ್ನಿನ ಒಳಮುಖವಾಗಿರುವಂತೆ, ಸೀಲಿನ ಹೊರಸುತ್ತಿಗೆ ಸಮನಾದ ಕೊಳವೆಯ ತುಂಡಿನಿಂದ ನೇರವಾಗಿ ಒತ್ತಿ. ತುಟಿಗೆ ಎಣ್ಣೆ ಸವರಲು ಮರೆಯಬೇಡಿ. ಕವರನ್ನು ಕೂರಿಸುವಾಗ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು ಪುಲ್ಲಿಯನ್ನು ಸೀಲಿನೊಳಗೆ ತೂರಿಸಿ, ಸೀಲ್ ತಾನಾಗಿ ಶಾಫ್ಟಿನ ನಡುವಿಗೆ ಬಂದ ಮೇಲೆ ಬಿಗಿಯಿರಿ. ಈ ಒಂದು ಕ್ರಮ ತಪ್ಪಿದರೆ ಸೀಲ್ ಒಂದು ಪಕ್ಕಕ್ಕೆ ಒತ್ತಿಕೊಂಡು ಇನ್ನೊಂದು ಪಕ್ಕದಿಂದ ಸೋರುತ್ತದೆ. ಕವರಿನ ಹಿಂದೆ, ಬ್ಲಾಕ್ ಮತ್ತು ಮುಂದಿನ ಎಂಜಿನ್ ಪ್ಲೇಟಿನ ನಡುವೆಯೂ ಒಂದು ಗ್ಯಾಸ್ಕೆಟ್ ಇದೆ. ಅದನ್ನು ಬದಲಿಸಲು ಟೈಮಿಂಗ್ ಗೇರುಗಳನ್ನೇ ಎಳೆಯಬೇಕಾಗುವುದರಿಂದ, ಅಲ್ಲಿ ಸೋರಿಕೆ ಕಂಡಿರದಿದ್ದರೆ ಮುಟ್ಟದೆ ಬಿಡಿ.

ರಿಯರ್ ಮೇನ್ ಸೀಲ್

ಇಡೀ ಕೆಲಸದಲ್ಲಿ ಅತ್ಯಂತ ತಾಳ್ಮೆ ಬೇಡುವ ಭಾಗವಿದು. ಸೀಲಿಗೆ ಕೈ ಹಾಕುವ ಮೊದಲು ಕ್ರ್ಯಾಂಕ್‌ಶಾಫ್ಟಿನ ಹಿಂದುಮುಂದಿನ ಓಲಾಟ ಅಳೆಯಿರಿ. 0.10ರಿಂದ 0.15 ಮಿಲಿಮೀಟರ್ ಇರಬೇಕಾದ ಈ ಸಂದು, ಕ್ಲಚ್ ಒತ್ತಿದಾಗ ಪುಲ್ಲಿ ಕಣ್ಣಿಗೆ ಕಾಣುವಂತೆ ಸರಿಯುವಷ್ಟಿದ್ದರೆ, ಅಥವಾ ಬೇರಿಂಗ್ ಸವೆದು ಶಾಫ್ಟ್ ಮೇಲೆ ಕೆಳಗೆ ಅಲುಗುತ್ತಿದ್ದರೆ, ಯಾವ ಸೀಲೂ ಹೆಚ್ಚು ದಿನ ಬಾಳದು.

ಹಳೆಯ ಎಂಜಿನ್ನುಗಳಲ್ಲಿ ಇಲ್ಲಿ ಹೆಣೆದ ಹಗ್ಗದಂಥ ಪ್ಯಾಕಿಂಗ್ ಇರುತ್ತಿತ್ತು, ನಂತರ ಎರಡು ಅರ್ಧಗಳ ರಬ್ಬರ್ ತುಟಿಯ ಸೀಲ್ ಬಂತು. ಹಗ್ಗದ ಮೇಲಿನ ಅರ್ಧವನ್ನು ಸರಿಯಾಗಿ ಕೂರಿಸಬೇಕಾದರೆ ಕ್ರ್ಯಾಂಕ್‌ಶಾಫ್ಟ್ ಹೊರಬರಬೇಕು. ರಬ್ಬರ್ ಸೀಲನ್ನು ಮಾತ್ರ ಎಂಜಿನ್ ಜೀಪಿನಲ್ಲೇ ಇರುವಾಗ ಬದಲಿಸಬಹುದು. ಹಿಂದಿನ ಮೇನ್ ಬೇರಿಂಗ್ ಕ್ಯಾಪನ್ನು ಓರೆಯಾಗದಂತೆ ನೇರ ಕೆಳಕ್ಕೆ ಇಳಿಸಿ. ಉಳಿದ ಕ್ಯಾಪುಗಳನ್ನು ಕೊಂಚ ಸಡಿಲಿಸಿದರೆ ಶಾಫ್ಟ್ ಕೂದಲೆಳೆಯಷ್ಟು ಇಳಿದು ಮೇಲಿನ ಅರ್ಧಕ್ಕೆ ಜಾಗ ಸಿಗುತ್ತದೆ. ಹಿತ್ತಾಳೆಯ ಸಣ್ಣ ಕಡ್ಡಿಯಿಂದ ಅದರ ಒಂದು ತುದಿಯನ್ನು ಮೆಲ್ಲಗೆ ತಳ್ಳಿ, ಇನ್ನೊಂದು ತುದಿಯನ್ನು ಇಕ್ಕಳದಿಂದ ಹಿಡಿದು, ಶಾಫ್ಟನ್ನು ತಿರುಗಿಸುತ್ತ ಎಳೆಯಿರಿ. ಶಾಫ್ಟಿನ ಮೈಗೆ ಉಕ್ಕಿನ ಉಪಕರಣ ತಾಗಿ ಗೀರು ಬಿದ್ದರೆ ಅದನ್ನು ಸರಿಪಡಿಸಲು ಎಂಜಿನ್ ಇಳಿಸಬೇಕಾಗುತ್ತದೆ.

ಹೊಸ ಅರ್ಧಕ್ಕೆ ಎಣ್ಣೆ ಹಚ್ಚಿ, ತುಟಿ ಮುಂದಕ್ಕೆ, ಅಂದರೆ ಎಂಜಿನ್ನಿನ ಒಳಗಡೆಗೆ ಮುಖ ಮಾಡುವಂತೆ ತೂರಿಸಿ. ಎರಡು ಅರ್ಧಗಳು ಕೂಡುವ ಜಾಗ ಕ್ಯಾಪ್ ಮತ್ತು ಬ್ಲಾಕ್ ಕೂಡುವ ಗೆರೆಗೇ ಬರದಂತೆ ಸೀಲನ್ನು ಸುಮಾರು 10 ಮಿಲಿಮೀಟರಿನಷ್ಟು ಸರಿಸಿ ಕೂರಿಸುವುದು ಅನುಭವಿ ಮೆಕ್ಯಾನಿಕ್‌ಗಳ ಪದ್ಧತಿ. ಕ್ಯಾಪಿನ ಮೂಲೆಗಳಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಸೀಲಂಟ್ ಇಟ್ಟು, ಬೋಲ್ಟುಗಳನ್ನು 88ರಿಂದ 102 ನ್ಯೂಟನ್ ಮೀಟರಿಗೆ ಬಿಗಿಯಿರಿ. ಸಡಿಲಿಸಿದ ಉಳಿದ ಕ್ಯಾಪುಗಳನ್ನೂ ಅದೇ ಬಲಕ್ಕೆ ಬಿಗಿದು, ಹ್ಯಾಂಡಲ್ ಹಾಕಿ ಎಂಜಿನ್ ಸರಾಗವಾಗಿ ತಿರುಗುವುದೇ ಎಂದು ನೋಡಿ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಆದರೆ ಇನ್ನೂ ಒಂದು ಭಾಗ ಉಳಿದಿದೆ. ಕ್ಯಾಪಿನ ಎರಡು ಪಕ್ಕಗಳಲ್ಲಿ, ಅದು ಬ್ಲಾಕಿಗೆ ಸೇರುವ ಕಡೆ, ದುಂಡಗಿನ ತೂತುಗಳಿದ್ದು ಅವುಗಳಲ್ಲಿ ರಬ್ಬರ್ ಕಡ್ಡಿಗಳನ್ನು ತೂರಿಸಬೇಕು. ಇವು ಬ್ಲಾಕಿನ ಮೈಯಿಂದ ಸುಮಾರು 6 ಮಿಲಿಮೀಟರ್ ಹೊರಚಾಚಿರಬೇಕು. ಉದ್ದ ಹೆಚ್ಚಾಯಿತೆಂದು ಬ್ಲೇಡಿನಿಂದ ಸಮ ಮಾಡಿ ಕತ್ತರಿಸುವುದು ದೊಡ್ಡ ತಪ್ಪು. ಸಂಪ್ ಬಿಗಿದಾಗ ಅದೇ ಚಾಚಿದ ಭಾಗ ಒಳಕ್ಕೆ ಅದುಮಿಕೊಂಡು ತೂತನ್ನು ತುಂಬುತ್ತದೆ. ಹೊಸ ರಿಯರ್ ಸೀಲ್ ಹಾಕಿದ ಮೇಲೂ ಸೋರುವ ಜೀಪುಗಳಲ್ಲಿ ಮೊದಲು ನೋಡಬೇಕಾದದ್ದು ಈ ಕಡ್ಡಿಗಳನ್ನೇ.

ಸಂಪ್ ಮತ್ತು ಉಳಿದ ಗ್ಯಾಸ್ಕೆಟ್‌ಗಳು

ಸಂಪಿನ ಅಂಚನ್ನು ಹಿಂದಿನವರು ಅತಿಯಾಗಿ ಬಿಗಿದು ಪ್ರತಿ ಬೋಲ್ಟಿನ ಸುತ್ತ ಗುಳಿ ಮಾಡಿರುತ್ತಾರೆ. ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಆ ಗುಳಿಗಳನ್ನು ಹಿಂದಕ್ಕೆ ತಟ್ಟಿ, ನೇರಪಟ್ಟಿಯಿಂದ ಪರೀಕ್ಷಿಸಿ. ಒಳಗಿನ ಕೆಸರನ್ನು ತೊಳೆದು, ಎಣ್ಣೆಯ ಮೇಲೆ ತೇಲುವ ಹೀರುಜಾಲರಿಯನ್ನೂ ಕಳಚಿ ಶುಚಿ ಮಾಡಿ. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಹಚ್ಚುವುದನ್ನು ನಾನು ವಿರೋಧಿಸುವುದು ಈ ಜಾಲರಿಯ ಕಾರಣಕ್ಕೆ. ಬಿಗಿದಾಗ ಒಳಕ್ಕೆ ಉಬ್ಬಿದ ಪೇಸ್ಟು ಒಣಗಿ ಹರಿದು ಸಂಪಿಗೆ ಬಿದ್ದು ಜಾಲರಿಯನ್ನು ಮುಚ್ಚಿದರೆ, ಒಂದು ಹನಿ ಸೋರಿಕೆ ನಿಲ್ಲಿಸಲು ಹೋಗಿ ಬೇರಿಂಗುಗಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ಕಾರ್ಕ್ ಗ್ಯಾಸ್ಕೆಟ್ಟನ್ನು ಸಂಪಿನ ಕಡೆಗೆ ಮಾತ್ರ ತೆಳು ಸೀಲಂಟಿನಿಂದ ಅಂಟಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸರದಿಯಲ್ಲಿ ಸುಮಾರು 16 ನ್ಯೂಟನ್ ಮೀಟರಿಗೆ ಬಿಗಿಯಿರಿ. ಕಾರ್ಕ್ ಅಂಚಿನಿಂದ ಹೊರಗೆ ಉಬ್ಬತೊಡಗಿದರೆ ಅಲ್ಲೇ ನಿಲ್ಲಿಸಿ.

ವಾಟರ್ ಪಂಪ್, ಥರ್ಮೋಸ್ಟ್ಯಾಟ್ ಮತ್ತು ಪೆಟ್ರೋಲ್ ಪಂಪಿನ ಕಾಗದದ ಗ್ಯಾಸ್ಕೆಟ್ಟುಗಳು ಸರಳ ಕೆಲಸ, ಮೈ ಶುಚಿ ಮಾಡಿ ಹೊಸದನ್ನು ಹಾಕಿದರಾಯಿತು. ಆಯಿಲ್ ಪಂಪಿನದು ಹಾಗಲ್ಲ. ಬ್ಲಾಕಿನ ಹೊರಮೈಗೆ ಕೂತಿರುವ ಈ ಪಂಪಿನ ಶಾಫ್ಟೇ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದರಿಂದ, ಪಂಪ್ ಹೊರತೆಗೆದು ಹಲ್ಲು ಬದಲಾಗಿ ಕೂರಿಸಿದರೆ ಇಗ್ನಿಷನ್ ಟೈಮಿಂಗ್ ಕೆಡುತ್ತದೆ. ಮೊದಲ ಸಿಲಿಂಡರನ್ನು ಕಂಪ್ರೆಷನ್ ತುದಿಗೆ ತಂದು ರೋಟರ್ ಮುಖ ಮಾಡಿದ ದಿಕ್ಕನ್ನು ಗುರುತು ಹಾಕಿಕೊಂಡೇ ಬಿಚ್ಚಿ. ಪಂಪಿನ ಮುಚ್ಚಳದ ಗ್ಯಾಸ್ಕೆಟ್ಟಿನ ದಪ್ಪವೇ ಒಳಗಿನ ಸಂದನ್ನು ನಿರ್ಧರಿಸುತ್ತದೆ, ಆದ್ದರಿಂದ ಕೈಗೆ ಸಿಕ್ಕ ದಪ್ಪ ಕಾಗದ ಕತ್ತರಿಸಿ ಹಾಕಿದರೆ ಎಣ್ಣೆಯ ಒತ್ತಡ ಕುಸಿಯುತ್ತದೆ. ಸೆಟ್ಟಿನಲ್ಲಿ ಬಂದದ್ದನ್ನೇ ಬಳಸಿ.

ಚಾಲನೆ ಮತ್ತು ಮರುಬಿಗಿತ

ಫಿಲ್ಟರ್ ಸೇರಿ ಸುಮಾರು 4.7 ಲೀಟರ್ ಎಂಜಿನ್ ಎಣ್ಣೆ, ರೇಡಿಯೇಟರಿಗೆ ಸುಮಾರು 10 ಲೀಟರ್ ನೀರು ಮತ್ತು ಕೂಲಂಟ್ ಮಿಶ್ರಣ ತುಂಬಿ. ಮೂಲ ಕೈಪಿಡಿ ನಮ್ಮಂಥ ಹವೆಗೆ ಎಸ್‌ಎಇ 30 ಎಣ್ಣೆ ಸೂಚಿಸುತ್ತದೆ. ಸ್ಪಾರ್ಕ್ ಪ್ಲಗ್ ಹಾಕುವ ಮೊದಲು ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿ ಗೇಜಿನಲ್ಲಿ ಎಣ್ಣೆಯ ಒತ್ತಡ ಏಳುವುದನ್ನು ನೋಡಿ, ಆಮೇಲೆ ಪ್ಲಗ್ ಹಾಕಿ ಚಾಲೂ ಮಾಡಿ. ಬಿಸಿಯಾದ ಎಂಜಿನ್ 2,000 ಆರ್‌ಪಿಎಂನಲ್ಲಿ ಸುಮಾರು 35 ಪಿಎಸ್‌ಐ ತೋರಿಸಬೇಕು. ರಾಕರ್ ಕವರ್ ಮುಚ್ಚುವ ಮುನ್ನ ಪ್ರತಿ ರಾಕರಿಗೂ ಎಣ್ಣೆ ತಲುಪುತ್ತಿದೆಯೇ ಎಂದು ಕಣ್ಣಾರೆ ಕಾಣುವುದು ಒಳ್ಳೆಯದು.

ಎಂಜಿನ್ ಪೂರ್ತಿ ಬಿಸಿಯಾಗಿ ಮತ್ತೆ ತಣಿದ ಮೇಲೆ ಹೆಡ್ ಬೋಲ್ಟುಗಳನ್ನು ಅದೇ ಕ್ರಮದಲ್ಲಿ, ಅದೇ ಬಲಕ್ಕೆ ಮತ್ತೊಮ್ಮೆ ಬಿಗಿಯಿರಿ. ಗ್ಯಾಸ್ಕೆಟ್ ತಯಾರಕರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕಾರ್ಬ್ಯುರೇಟರಿನ ಕೆಳಗಿನ ಬೋಲ್ಟಿಗೂ ಇದು ಅನ್ವಯಿಸುತ್ತದೆ. ಅದನ್ನು ಬಿಗಿಯಲು ಕಾರ್ಬ್ಯುರೇಟರ್ ಮತ್ತೆ ಬಿಚ್ಚಬೇಕಲ್ಲ ಎಂಬ ಬೇಸರಕ್ಕೆ ಅದೊಂದನ್ನು ಬಿಟ್ಟರೆ ಗ್ಯಾಸ್ಕೆಟ್ ಅಲ್ಲಿಂದಲೇ ಸುಡಲು ಆರಂಭಿಸುತ್ತದೆ, ಆದ್ದರಿಂದ ಕಾರ್ಬ್ಯುರೇಟರಿನ ತಳದ ಗ್ಯಾಸ್ಕೆಟ್ಟುಗಳನ್ನು ಒಂದೆರಡು ಹೆಚ್ಚಾಗಿಯೇ ಕೊಂಡಿಟ್ಟುಕೊಳ್ಳಿ. ಬಿಗಿದ ಮೇಲೆ ಇನ್‌ಟೇಕ್ ಟ್ಯಾಪೆಟ್ ಸಂದು ಬದಲಾಗುತ್ತದೆ, ಅದನ್ನು ಮತ್ತೆ 0.018 ಇಂಚಿಗೆ ಹೊಂದಿಸಿ. ಸುಮಾರು 500 ಕಿಲೋಮೀಟರ್ ಓಡಿದ ನಂತರ ಈ ಎರಡೂ ಕೆಲಸಗಳನ್ನು ಇನ್ನೊಂದು ಬಾರಿ ಮಾಡಿ, ಜೊತೆಗೆ ಮ್ಯಾನಿಫೋಲ್ಡ್ ನಟ್ಟುಗಳನ್ನೂ ನೋಡಿ.

ಮೊದಲ ಕೆಲವು ದಿನ ಜೀಪು ನಿಲ್ಲಿಸುವ ಜಾಗದಲ್ಲಿ ಎಂಜಿನ್ನಿನಿಂದ ಗೇರ್‌ಬಾಕ್ಸಿನವರೆಗೆ ಉದ್ದನೆಯ ರಟ್ಟು ಹಾಸಿ. ಹನಿ ಬಿದ್ದರೆ ಅದು ಯಾವ ಭಾಗದ ನೇರ ಕೆಳಗೆ ಬಿದ್ದಿದೆ ಎಂಬುದು ರಟ್ಟಿನ ಮೇಲೆ ಸ್ಪಷ್ಟವಾಗಿ ತಿಳಿಯುತ್ತದೆ. ಸಂಪಿನ ಅಂಚಿನಿಂದ ಬಂದ ಹನಿಗೆ ಬೋಲ್ಟುಗಳನ್ನು ಒಂದು ಸುತ್ತು ಪರೀಕ್ಷಿಸಿದರೆ ಸಾಕಾಗಬಹುದು. ಹಿಂದಿನಿಂದ ಬಂದರೆ ಮೊದಲು ಉಸಿರಾಟದ ವಾಲ್ವನ್ನು ಕಾಗದ ಹಿಡಿದು ಪರೀಕ್ಷಿಸಿ, ಆಮೇಲೆ ರಬ್ಬರ್ ಕಡ್ಡಿಗಳ ಕಡೆಗೆ ಗಮನ ಕೊಡಿ. ಬಸಿದ ಹಳೆಯ ಎಣ್ಣೆಯನ್ನು ತೋಟದ ಮಣ್ಣಿಗೋ ಹಳ್ಳಕ್ಕೋ ಸುರಿಯದೆ ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಮರುಸಂಸ್ಕರಣೆಗೆ ಕೊಳ್ಳುವ ಗ್ಯಾರೇಜಿಗೆ ಕೊಡಿ.